ಹೆಣ್ಣುಮಗಳ ಪಾಲು
(ನಾನಾ ದೇಶಗಳ ಕಾನೂನಿನ ಚರಿತ್ರೆಯಿಂದ ಒಂದು ಪಾಠ)

ಪಾಠಶಾಲೆಗಳಲ್ಲಿ ಚರಿತ್ರೆಯನ್ನು ಕಲಿಸುವಾಗ ಅರಸರ ವಂಶಾವಳಿಯನ್ನೂ ಯುದ್ಧಗಳ ತಾರೀಖುಗಳನ್ನೂ ಮಕ್ಕಳಿಂದ ಬಾಯಿಪಾಠ ಮಾಡಿಸುವುದು ವಾಡಿಕೆ. ಆದರೆ ಒಂದು ಜನಾಂಗದ ಅಂತರಂಗವನ್ನು ಅರಿಯಬೇಕಾದರೆ ಅದರ ಯುದ್ಧಗಳಿಗಿಂತಲೂ ಹೆಚ್ಚಾಗಿ ಅದರ ಕಾನೂನುಗಳನ್ನು ನೋಡಬೇಕು. ಯುದ್ಧವು ಎಂದೋ ಒಮ್ಮೆ ನಡೆಯುವುದು. ಕಾನೂನಾದರೋ ಪ್ರತಿದಿನವೂ ಪ್ರತಿಯೊಂದು ಮನೆಯ ಹೊಸ್ತಿಲೊಳಗೆ ನಡೆಯುವುದು. ತಂದೆಯು ತೀರಿಹೋದ ತರುವಾಯ ಆತನ ಮನೆ ಹೊಲಗಳು ಯಾರಿಗೆ ಸೇರತಕ್ಕವು? ಮಗಳಿಗೆ ಸಲ್ಲತಕ್ಕದ್ದೇನು? ವಿಧವೆಗೆ ನೆಲೆಯೆಲ್ಲಿ? ಈ ಪ್ರಶ್ನೆಗಳು ಹುಟ್ಟದ ದೇಶವೂ ಇಲ್ಲ, ಕಾಲವೂ ಇಲ್ಲ.

ಈ ಲೇಖನದಲ್ಲಿ ನಾವು ಆ ಒಂದೇ ಪ್ರಶ್ನೆಯ ಜಾಡನ್ನು ಹಿಡಿದು, ಬಾಬಿಲೋನಿನಿಂದ ಹೊರಟು ನಮ್ಮ ಕನ್ನಡನಾಡಿನ ವರೆಗೆ ಬರಬೇಕೆಂದಿದ್ದೇವೆ. ಈ ಸಂಚಿಕೆಯ ವಾಚಕರು ಬಹುಮಟ್ಟಿಗೆ ಇಲ್ಲಿ ಕಲಿತುಹೋದ ಹೆಣ್ಣುಮಕ್ಕಳು, ಇಲ್ಲವೆ ಕಲಿಯುತ್ತಿರುವ ಹೆಣ್ಣುಮಕ್ಕಳ ತಂದೆತಾಯಿಗಳು. ಆದಕಾರಣ ವಿಷಯವು ಪುರಾತನವಾದರೂ ಯಾರಿಗೂ ದೂರದ್ದಲ್ಲ.

ಬಾಬಿಲೋನಿನ ಕಲ್ಲು

ಕ್ರಿಸ್ತಪೂರ್ವ 18ನೆಯ ಶತಮಾನದಲ್ಲಿ ಬಾಬಿಲೋನನ್ನು ಆಳುತ್ತಿದ್ದ ಹಮ್ಮುರಾಬಿ ಅರಸನು ತನ್ನ ಕಾನೂನುಗಳನ್ನು ಏಳು ಅಡಿಗೂ ಎತ್ತರವಾದ ಒಂದು ಕರಿಯ ಕಲ್ಲಿನ ಮೇಲೆ ಕೆತ್ತಿಸಿದನು. 1901-02ರಲ್ಲಿ ಫ್ರೆಂಚ್ ಪಂಡಿತರು ಪಾರಸಿಕ ದೇಶದ ಸೂಸಾ ಎಂಬಲ್ಲಿ ಅಗೆದಾಗ ಈ ಕಲ್ಲು ದೊರೆಯಿತು; ಅದು ಈಗ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿರುವ ವಿಧಿಗಳನ್ನು ವಿದ್ವಾಂಸರು 282 ಎಂದು ಎಣಿಸಿರುತ್ತಾರೆ.

ಕಣ್ಣಿಗೆ ಕಣ್ಣು ಎಂಬ ಕಠಿಣ ದಂಡನೆಯೂ, ಒಡೆಯನಿಗೊಂದು ದಾಸನಿಗೊಂದು ಎಂಬ ಭೇದವೂ ಆ ಕಲ್ಲಿನ ಮೇಲೆ ಉಂಟು. ಆದರೂ ಹೆಣ್ಣುಮಗಳ ಮಾತನ್ನು ಅದು ಮರೆಯಲಿಲ್ಲ. ಮದುವೆಯಲ್ಲಿ ತಂದೆಯು ಮಗಳಿಗೆ ಕೊಟ್ಟ ಬಳುವಳಿಯು ಗಂಡನ ಸ್ವತ್ತಾಗದು. ಅವಳು ಸತ್ತರೆ ಅದು ಅವಳ ಮಕ್ಕಳಿಗೆ ಸೇರಬೇಕು. ಮಕ್ಕಳಿಲ್ಲದಿದ್ದರೆ ತೌರುಮನೆಗೆ ಹಿಂದಿರುಗಬೇಕು. ಮಕ್ಕಳಾಗಲಿಲ್ಲವೆಂದು ಹೆಂಡತಿಯನ್ನು ಬಿಡುವವನು ಅವಳ ಬಳುವಳಿಯನ್ನು ಹಿಂದಕ್ಕೆ ಕೊಟ್ಟೇ ಕಳುಹಿಸಬೇಕು. ವಿಧವೆಯು ಬದುಕಿರುವ ವರೆಗೆ ಗಂಡನ ಮನೆಯಲ್ಲಿ ವಾಸಿಸಬಹುದು. ಹೀಗೆಂದು ವಿಧಿಸಿದ ಅರಸನು ಕೊನೆಯಲ್ಲಿ ಇನ್ನೊಂದು ಮಾತನ್ನೂ ಬರೆಯಿಸಿದ್ದಾನೆ: ಅನ್ಯಾಯ ಹೊಂದಿದವನು ಈ ಕಲ್ಲಿನ ಮುಂದೆ ಬಂದು, ಬರಹವನ್ನು ಓದಿಸಿ ಕೇಳಿ, ತನ್ನ ವ್ಯಾಜ್ಯಕ್ಕೆ ಸಲ್ಲುವ ವಿಧಿಯನ್ನು ತಿಳಿದು, ಮನಸ್ಸಿಗೆ ಸಮಾಧಾನ ತಂದುಕೊಳ್ಳಲಿ ಎಂಬುದೇ ಅದರ ತಾತ್ಪರ್ಯ.

ಈ ಮಾತು ಉದಾರವಾದುದು. ಆದರೆ ಆ ಕಾಲದಲ್ಲಿ ಕ್ಯೂನಿಫಾರ್ಮ್ ಲಿಪಿಯನ್ನು ಬಲ್ಲವರು ಲಿಪಿಕಾರರು ಮೊದಲಾದ ಕೆಲವರೇ. ಬಡ ವಿಧವೆಯು ಕಲ್ಲಿನ ಮುಂದೆ ನಿಂತರೂ, ಓದಿ ಹೇಳುವವನು ಏನೆಂದು ಹೇಳಿದನೋ ಅದೇ ಅವಳಿಗೆ ಕಾನೂನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೇಳಿಕೊಳ್ಳುತ್ತೇವೆ. ಯಾಕಂದರೆ ಮುಂದಿನ ಚರಿತ್ರೆಯೆಲ್ಲವೂ ಇದರ ಸುತ್ತಲೇ ತಿರುಗುತ್ತದೆ.

ಐವರು ಸಹೋದರಿಯರ ಅರಿಕೆ

ಹೆಣ್ಣುಮಕ್ಕಳು ತಾವೇ ಬಂದು ಪಾಲು ಕೇಳಿದ ಅತಿ ಹಳೆಯ ವೃತ್ತಾಂತಗಳಲ್ಲೊಂದು ಸತ್ಯವೇದದ ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿದೆ. ಚಲ್ಪಹಾದನೆಂಬವನು ಗಂಡುಮಕ್ಕಳಿಲ್ಲದೆ ಅರಣ್ಯದಲ್ಲಿ ತೀರಿಹೋದನು. ಅವನ ಹೆಣ್ಣುಮಕ್ಕಳಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಮೋಶೆಯ ಎದುರಿಗೂ ಯಾಜಕನಾದ ಎಲ್ಲಾಜಾರನ ಎದುರಿಗೂ ಸರ್ವ ಸಮೂಹದ ಎದುರಿಗೂ ನಿಂತು, ಗಂಡುಮಗನಿಲ್ಲವೆಂಬ ಕಾರಣದಿಂದ ತಮ್ಮ ತಂದೆಯ ಹೆಸರು ಕುಲದಿಂದ ಅಳಿಯಬೇಕೇ ಎಂದು ಕೇಳಿದರು. ಅವರ ಮಾತು ನ್ಯಾಯವಾದುದೆಂದು ತೀರ್ಪಾಯಿತು. ಗಂಡುಮಕ್ಕಳಿಲ್ಲದವನ ಸ್ವತ್ತು ಹೆಣ್ಣುಮಕ್ಕಳಿಗೆ ಸೇರತಕ್ಕದ್ದೆಂಬ ವಿಧಿಯು ಅಂದಿನಿಂದ ನಿಂತಿತು.

ಇಲ್ಲಿಯ ವರೆಗೆ ಭಾನುವಾರದ ಪಾಠಶಾಲೆಯ ಮಕ್ಕಳೂ ಬಲ್ಲರು. ಇದರ ಮುಂದಿನ ಎರಡು ಸಂಗತಿಗಳನ್ನು ಬಲ್ಲವರು ಕಡಮೆ. ಮೊದಲನೆಯದು: ಅದೇ ಗ್ರಂಥದ 36ನೆಯ ಅಧ್ಯಾಯದಲ್ಲಿ, ಭೂಮಿಯು ಬೇರೆ ಕುಲಕ್ಕೆ ಹೋಗದಂತೆ ಆ ಸಹೋದರಿಯರು ತಂದೆಯ ಕುಲದವರನ್ನೇ ಮದುವೆಯಾಗಬೇಕೆಂಬ ಕಟ್ಟು ವಿಧಿಸಲ್ಪಟ್ಟಿತು. ಎರಡನೆಯದು: ಯೆಹೋಶುವನ ಕಾಲದಲ್ಲಿ ದೇಶವನ್ನು ಹಂಚುವಾಗ ಆ ಐವರು ಮತ್ತೆ ಎಲ್ಲಾಜಾರನ ಮತ್ತು ಯೆಹೋಶುವನ ಮುಂದೆ ಬಂದು, ಹಿಂದೆ ಆದ ಅಪ್ಪಣೆಯನ್ನು ತಿಳಿಸಿ, ತಮ್ಮ ಪಾಲನ್ನು ಪಡೆದುಕೊಂಡರು. ತೀರ್ಪಾಗಿದ್ದರೂ ಹಂಚುವ ದಿವಸ ಅವರು ಅದನ್ನು ಬಾಯಿಬಿಟ್ಟು ನೆನಪಿಸಬೇಕಾಯಿತು. ಕೊಟ್ಟ ಹಕ್ಕು ಒಂದು, ಕೈಗೆ ಬಂದ ಹಕ್ಕು ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಹಳೆಯ ದೃಷ್ಟಾಂತವು ಬೇಕೇ?

ರೋಮಿನ ಗುಮಾಸ್ತನು

ರೋಮ್ ನಗರದಲ್ಲಿ ಪೂರ್ವಕಾಲದ ಕಾನೂನು ಬರಹದಲ್ಲಿರಲಿಲ್ಲ. ಕುಲೀನ ಮನೆತನದ ಅಧಿಕಾರಿಗಳೂ ಪುರೋಹಿತರೂ ಹೇಳಿದ್ದೇ ವಿಧಿಯಾಗಿತ್ತು. ಸಾಮಾನ್ಯ ಜನರು ಬಹುಕಾಲ ಹೋರಾಡಿದ ಮೇಲೆ ಕ್ರಿ. ಪೂ. 451-450ರಲ್ಲಿ ಹನ್ನೆರಡು ಫಲಕಗಳ ಮೇಲೆ ಕಾನೂನನ್ನು ಬರೆದು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ತನ್ನ ಬಾಲ್ಯದಲ್ಲಿ ಹುಡುಗರು ಈ ಫಲಕಗಳನ್ನು ಬಾಯಿಪಾಠ ಮಾಡುತ್ತಿದ್ದರೆಂದು ಸಿಸೆರೋ ಪಂಡಿತನು ಹೇಳಿರುತ್ತಾನೆ. ಆ ಕಾನೂನಿನ ಮೇರೆಗೆ ತಂದೆಯು ಉಯಿಲು ಬರೆಯದೆ ಸತ್ತರೆ, ಅವನ ಅಧೀನದಲ್ಲಿದ್ದ ಮಗಳಿಗೆ ಮಗನಷ್ಟೇ ಪಾಲು ಸಲ್ಲುತ್ತಿತ್ತು. ಆದರೆ ಹೆಂಗಸು ಎಷ್ಟು ವಯಸ್ಸಾದರೂ ಒಬ್ಬ ಪೋಷಕನ ಕೈಕೆಳಗೆ ಇರಬೇಕೆಂದೂ ಅದೇ ಫಲಕವು ಹೇಳಿತು.

ಇಷ್ಟಾದರೂ ಜನರ ಕಷ್ಟವು ತೀರಲಿಲ್ಲ. ದಾವೆಯನ್ನು ಯಾವ ಮಾತುಗಳಿಂದ ಹೂಡಬೇಕು, ನ್ಯಾಯಸ್ಥಾನವು ಯಾವ ದಿನಗಳಲ್ಲಿ ನಡೆಯುವುದು ಎಂಬುದು ಪುರೋಹಿತರಿಗೆ ಮಾತ್ರ ಗೊತ್ತಿತ್ತು. ದಾವೆಯಲ್ಲಿ ಒಂದು ಮಾತು ತಪ್ಪಿದರೂ ವ್ಯಾಜ್ಯವು ಕೆಡುವುದು. ಕ್ರಿ. ಪೂ. 304ರ ಸುಮಾರಿಗೆ ನೀಯಸ್ ಫ್ಲೇವಿಯಸ್ ಎಂಬ ಗುಮಾಸ್ತನು, ಬಿಡುಗಡೆ ಹೊಂದಿದ ದಾಸನೊಬ್ಬನ ಮಗನು, ಆ ಮಾತುಗಳನ್ನೂ ದಿನಗಳ ಪಟ್ಟಿಯನ್ನೂ ಬರೆದು ಬಹಿರಂಗಪಡಿಸಿದನು. ಕುಲೀನರು ಕೋಪಗೊಂಡರು, ಜನರಾದರೋ ಅವನನ್ನು ಅಧಿಕಾರದ ಸ್ಥಾನಕ್ಕೆ ಚುನಾಯಿಸಿದರು. ಅವನು ಹೊಸ ಕಾನೂನನ್ನೇನೂ ಮಾಡಲಿಲ್ಲ. ಇದ್ದುದನ್ನು ತಿಳಿಸಿದನು, ಅಷ್ಟೆ.

ಏಳನೆಯ ಶತಮಾನದ ಅರಬಸ್ಥಾನ

ಕ್ರಿ. ಶ. 7ನೆಯ ಶತಮಾನದಲ್ಲಿ ಅರಬಸ್ಥಾನದಲ್ಲಿ ಹುಟ್ಟಿದ ಇಸ್ಲಾಂ ಧರ್ಮಶಾಸ್ತ್ರವು ಮಗಳಿಗೂ ಹೆಂಡತಿಗೂ ತಾಯಿಗೂ ಗೊತ್ತಾದ ಪಾಲುಗಳನ್ನು ವಿಧಿಸಿತು. ಸಹೋದರನಿರುವಲ್ಲಿ ಮಗಳ ಪಾಲು ಅವನ ಪಾಲಿನ ಅರ್ಧ. ಆದರೆ ಆ ಅರ್ಧವು ಅವಳಿಗೆ ಪೂರ್ಣ ಸ್ವಾಮ್ಯದ ಸ್ವತ್ತು. ಮದುವೆಯಾದ ಮಾತ್ರದಿಂದ ಅದು ಗಂಡನಿಗೆ ಸೇರುವುದಿಲ್ಲ. ಗಂಡನು ಕೊಡಬೇಕಾದ ಮಹರ್ ಕೂಡ ಅವಳದೇ. ಇಂಗ್ಲೆಂಡಿನ ಸ್ತ್ರೀಗೆ ಇಂಥ ಹಕ್ಕು ಬಂದುದು ಇದಕ್ಕೆ ಸಾವಿರದ ಇನ್ನೂರು ವರ್ಷಗಳಾದ ಮೇಲೆ ಎಂಬುದು ಮುಂದೆ ತಿಳಿಯುವುದು.

ಕಲ್ಯಾಣದ ವಿಜ್ಞಾನೇಶ್ವರನು

ಈಗ ನಮ್ಮ ನಾಡಿಗೆ ಬರೋಣ. ಬಂಗಾಳ ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ದಾಯಭಾಗವನ್ನು ಶತಮಾನಗಳ ಕಾಲ ನಿರ್ಣಯಿಸಿದ ಗ್ರಂಥವು ಹುಟ್ಟಿದುದು ಕನ್ನಡನಾಡಿನಲ್ಲಿ. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳುತ್ತಿದ್ದಾಗ, ಈಗ ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು.

ತಂದೆಯ ಪಿತ್ರಾರ್ಜಿತ ಸ್ವತ್ತಿನಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಮಿತಾಕ್ಷರೆಯ ಪ್ರಸಿದ್ಧ ಸಿದ್ಧಾಂತ. ಈ ಜನ್ಮಸ್ವತ್ವವನ್ನು ಅದು ಹೆಣ್ಣುಮಗಳಿಗೆ ಕೊಡಲಿಲ್ಲವೆಂಬುದನ್ನು ಮರೆಮಾಚುವಂತಿಲ್ಲ. ಆದರೆ ತಂದೆಯು ತೀರಿದ ಮೇಲೆ ಮದುವೆಯಾಗದ ಸಹೋದರಿಗೆ ಕಾಲುಪಾಲು ಕೊಡಬೇಕೆಂಬ ಸ್ಮೃತಿವಾಕ್ಯವನ್ನು, ಅದು ಬರಿಯ ಮದುವೆಯ ಖರ್ಚಿನ ಮಾತಲ್ಲ, ನಿಜವಾದ ಪಾಲೇ ಎಂದು ವಿಜ್ಞಾನೇಶ್ವರನು ಅರ್ಥೈಸಿದನು. ಸ್ತ್ರೀಧನವೆಂದರೆ ಮದುವೆಯ ಕಾಲದ ಉಡುಗೊರೆಗಳು ಮಾತ್ರವಲ್ಲ. ದಾಯದಿಂದ ಬಂದುದು, ಕ್ರಯಕ್ಕೆ ಕೊಂಡುದು, ಪಾಲಿನಿಂದ ದೊರೆತುದು ಇವೆಲ್ಲವೂ ಸ್ತ್ರೀಧನವೇ ಎಂದೂ ಬರೆದನು. ಒಂಬೈನೂರು ವರ್ಷಗಳ ಹಿಂದಿನ ಗ್ರಂಥಕ್ಕೆ ಇದು ವಿಶಾಲವಾದ ದೃಷ್ಟಿಯಲ್ಲವೇ?

ಹೀಗಿದ್ದರೂ ಮುಂದೆ ನಡೆದುದು ಬೇರೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಈ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದನು. ನ್ಯಾಯಸ್ಥಾನಗಳು ಅದನ್ನೇ ಆಧಾರವಾಗಿಟ್ಟುಕೊಂಡವು. 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು, ವಿಧವೆಗೆ ಗಂಡನಿಂದ ದಾಯವಾಗಿ ಬಂದ ಸ್ವತ್ತು ಸ್ತ್ರೀಧನವಲ್ಲವೆಂದು ತೀರ್ಮಾನಿಸಿತು. ಅವಳು ಬದುಕಿರುವ ವರೆಗೆ ಅನುಭವಿಸಬಹುದು. ತರುವಾಯ ಅದು ಗಂಡನ ವಾರಸುದಾರರಿಗೆ ಹೋಗಬೇಕು. ಕಲ್ಯಾಣದ ಪಂಡಿತನು ಅಗಲವಾಗಿ ತೆರೆದಿದ್ದ ಬಾಗಿಲು ಹೀಗೆ ಇಕ್ಕಟ್ಟಾಯಿತು. ಆ ಮೂಲಗ್ರಂಥವನ್ನು ಓದಿ ವಾದಿಸಬಲ್ಲ ಒಬ್ಬ ಹೆಂಗಸಾದರೂ ಅಂದಿನ ನ್ಯಾಯಸ್ಥಾನದಲ್ಲಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಸ್ವತ್ತು ತಾಯಿಯ ಸಂತತಿಯನ್ನು ಹಿಡಿದು ಇಳಿಯುತ್ತಿತ್ತು. ಈ ಪದ್ಧತಿಯವರಿಗಾಗಿ ಮದರಾಸು ಶಾಸನಸಭೆಯು 1949ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಹೆಣ್ಣಿನಿಂದ ಸ್ವತ್ತು ಇಳಿದರೆ ಮನೆತನವು ಹಾಳಾಗುವುದೆಂಬ ಭೀತಿಗೆ ಆಧಾರವಿಲ್ಲವೆಂದು ತೋರಿಸಲು ಈ ಉದಾಹರಣೆಯು ಸಾಕು.

ಇಂಗ್ಲೆಂಡಿನ ಹೆಂಡತಿ

ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಪಂಡಿತನು 1765ರಲ್ಲಿ ಬರೆದಂತೆ, ಇಂಗ್ಲೆಂಡಿನ ಕಾನೂನಿನಲ್ಲಿ ಗಂಡಹೆಂಡಿರು ಒಂದೇ ವ್ಯಕ್ತಿ. ಕೇಳಲು ಇಂಪಾದ ಮಾತೇ ಸರಿ. ಆದರೆ ಆ ಒಬ್ಬ ವ್ಯಕ್ತಿಯು ಗಂಡನೇ! ಹೆಂಡತಿಯ ಹಣ ಒಡವೆಗಳೂ ದುಡಿಮೆಯ ಸಂಬಳವೂ ಅವನಿಗೆ ಸೇರುತ್ತಿದ್ದುವು. ಕೆರೋಲಿನ್ ನಾರ್ಟನ್ ಎಂಬ ಲೇಖಕಿಯು ಗಂಡನಿಂದ ಬೇರೆಯಾಗಿ ಗ್ರಂಥಗಳನ್ನು ಬರೆದು ಜೀವಿಸುತ್ತಿದ್ದಾಗಲೂ, ಆ ಸಂಪಾದನೆಯು ಕಾನೂನಿನ ದೃಷ್ಟಿಯಲ್ಲಿ ಗಂಡನದಾಗಿತ್ತು. ಪಾರ್ಲಿಮೆಂಟಿನ ಸದಸ್ಯನಾದ ಹೆನ್ರಿ ಫಾಸೆಟ್ಟನ ಹೆಂಡತಿ ಮಿಲಿಸೆಂಟಳ ಹಣದ ಚೀಲವನ್ನು ಕಳ್ಳನು ಕದ್ದನು. ಅವಳು ಸಾಕ್ಷಿ ಹೇಳಲು ಹೋದಾಗ, ಕಳವಾದುದು ಹೆನ್ರಿ ಫಾಸೆಟ್ಟನ ಸ್ವತ್ತೆಂದು ಆಪಾದನೆಯಲ್ಲಿ ಬರೆದಿತ್ತು. ಅವಳ ಕೈಯಿಂದ ಕದ್ದ ಚೀಲವೂ ಅವಳದಲ್ಲ! ಮುಂದೆ ಸ್ತ್ರೀಯರ ಮತದಾನಕ್ಕಾಗಿ ಹೋರಾಡಿದವರಲ್ಲಿ ಅವಳು ಅಗ್ರಗಣ್ಯಳಾದಳು.

1870ರ ಕಾಯಿದೆಯು ಹೆಂಡತಿಯ ಸಂಬಳವನ್ನು ಅವಳದೆಂದು ಒಪ್ಪಿತು. 1882ರ ಕಾಯಿದೆಯು ಅವಳ ಎಲ್ಲಾ ಸ್ವತ್ತನ್ನೂ ಅವಳಿಗೇ ಬಿಟ್ಟಿತು. ಬೇರೆ ದೇಶಗಳ ಸ್ತ್ರೀಯರ ಸ್ಥಿತಿಯನ್ನು ಕಂಡು ಮರುಗುತ್ತಿದ್ದ ದೇಶದಲ್ಲಿ ಇದು ಆದುದು ಇಷ್ಟು ತಡವಾಗಿ.

ನಮ್ಮ ಕಾಲದ ಕಾಯಿದೆಗಳು

ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದಿತು. ಅವಿಭಕ್ತ ಕುಟುಂಬದಲ್ಲಿ ಪಾಲಾಗುವಾಗ ಮದುವೆಯಾಗದ ಮಗಳಿಗೂ ಸಹೋದರಿಗೂ ಗಂಡುಮಕ್ಕಳ ಪಾಲಿನ ಕಾಲುಭಾಗ ಸಲ್ಲಬೇಕೆಂದು ಅದು ವಿಧಿಸಿತು. ವಿಜ್ಞಾನೇಶ್ವರನು ಎತ್ತಿಹಿಡಿದ ಕಾಲುಪಾಲೇ ಇದು! 1937ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ವಿಧವೆಯರಿಗೆ ಗಂಡನ ಸ್ವತ್ತಿನಲ್ಲಿ ಜೀವಿತಕಾಲದ ಹಕ್ಕು ದೊರೆಯಿತು. 1956ರ ಹಿಂದೂ ವಾರಸಾ ಕಾಯಿದೆಯು ಆ ಹಕ್ಕನ್ನು ಪೂರ್ಣ ಸ್ವಾಮ್ಯವನ್ನಾಗಿ ಮಾಡಿತು. ಉಯಿಲಿಲ್ಲದೆ ತೀರಿದ ತಂದೆಯ ಸ್ವಂತ ಸ್ವತ್ತಿನಲ್ಲಿ ಮಗಳನ್ನು ಮಗನ ಸಮಕ್ಕೆ ತಂದಿತು. ಆದರೆ ಪಿತ್ರಾರ್ಜಿತದ ಜನ್ಮಸ್ವತ್ವವು ಇನ್ನೂ ಗಂಡಿಗೇ ಉಳಿಯಿತು.

ಕರ್ನಾಟಕವು 1994ರಲ್ಲಿ ಅದನ್ನು ಹೆಣ್ಣುಮಗಳಿಗೂ ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ನೆಯ ಇಸವಿ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ದೇಶಕ್ಕೆಲ್ಲಾ ಅನ್ವಯಿಸಿ, ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆಯು ಬದುಕಿರಬೇಕಾಗಿತ್ತೇ ಎಂಬ ಸಂಶಯವನ್ನು ಸುಪ್ರೀಂ ಕೋರ್ಟು 2020ನೆಯ ಇಸವಿ ಆಗಸ್ಟ್ 11ರಂದು ವಿನೀತಾ ಶರ್ಮಾ ಎಂಬವರ ಮೊಕದ್ದಮೆಯಲ್ಲಿ ಪರಿಹರಿಸಿತು: ಹಕ್ಕು ಹುಟ್ಟಿನಿಂದ ಬರುವುದು; ತಂದೆಯು ಅಂದು ಬದುಕಿರಬೇಕಾಗಿಲ್ಲ. 2004ನೆಯ ಇಸವಿ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಮುಗಿದ ವಿಭಾಗಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ.

ಕೊಟ್ಟಾಯದ ಅಧ್ಯಾಪಕಿ

ಕ್ರೈಸ್ತ ಕುಟುಂಬಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದು 1925ರ ಭಾರತೀಯ ವಾರಸಾ ಕಾಯಿದೆ. ತಂದೆಯು ಉಯಿಲು ಬರೆಯದೆ ತೀರಿದರೆ ವಿಧವೆಗೆ ಮೂರರಲ್ಲೊಂದು ಭಾಗ, ಉಳಿದುದರಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಆದರೆ ತಿರುವಾಂಕೂರಿನಲ್ಲಿ 1916ರ ಬೇರೆ ಕಾಯಿದೆಯಿತ್ತು. ಅದರ ಮೇರೆಗೆ ಮಗಳಿಗೆ ಸಲ್ಲುತ್ತಿದ್ದುದು ಮಗನ ಪಾಲಿನ ನಾಲ್ಕರಲ್ಲೊಂದು ಅಥವಾ 5,000 ರೂಪಾಯಿ. ಇವೆರಡರಲ್ಲಿ ಯಾವುದು ಕಡಮೆಯೋ ಅದು.

ಕೊಟ್ಟಾಯದಲ್ಲಿ ಪಾಠಶಾಲೆಯನ್ನು ಸ್ಥಾಪಿಸಿ ನಡೆಸುತ್ತಿದ್ದ ಮೇರಿ ರಾಯ್ ಎಂಬ ಅಧ್ಯಾಪಕಿಯು ಈ ಕಾಯಿದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1986ರ ಫೆಬ್ರವರಿಯಲ್ಲಿ ತೀರ್ಪಾಯಿತು. ತಿರುವಾಂಕೂರಿನ ಹಳೆಯ ಕಾಯಿದೆಯು 1951ರ ಏಪ್ರಿಲ್ 1ರಂದೇ ಸತ್ತಿತ್ತೆಂದೂ, ಅಂದಿನಿಂದಲೇ ಅಲ್ಲಿಗೂ ಭಾರತೀಯ ವಾರಸಾ ಕಾಯಿದೆಯು ಅನ್ವಯಿಸುತ್ತಿತ್ತೆಂದೂ ನ್ಯಾಯಾಧೀಶರು ಹೇಳಿದರು.

ವಾಚಕರು ಇದನ್ನು ಚೆನ್ನಾಗಿ ಆಲೋಚಿಸಬೇಕು. ಸಮಪಾಲಿನ ಹಕ್ಕು ಮೂವತ್ತೈದು ವರ್ಷಗಳ ಕಾಲ ಪುಸ್ತಕದಲ್ಲಿ ಇತ್ತು. ಆ ಅವಧಿಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಸತ್ತುಹೋದ ಕಾಯಿದೆಗೆ ತಲೆಬಾಗಿ, ಕೊಟ್ಟಷ್ಟನ್ನು ಸ್ವೀಕರಿಸಿ ಸುಮ್ಮನಿದ್ದರು. ಒಬ್ಬ ಅಧ್ಯಾಪಕಿಯು ಪ್ರಶ್ನೆ ಕೇಳುವ ತನಕ ಆ ಹಕ್ಕು ಅವರ ಕೈಗೆ ಬರಲಿಲ್ಲ.

ರುಜು ಹಾಕುವುದಕ್ಕೆ ಮುಂಚೆ

ಬಾಬಿಲೋನಿನ ಕಲ್ಲಿನಿಂದ ಕೊಟ್ಟಾಯದ ತೀರ್ಪಿನ ವರೆಗೆ ನಾವು ಕಂಡುದು ಒಂದೇ ಸತ್ಯ: ಕಾನೂನು ಕೊಟ್ಟರೆ ಸಾಲದು, ಅದನ್ನು ಪಡೆಯತಕ್ಕವಳು ಅರಿತಿರಬೇಕು. ಇದನ್ನು ನಮ್ಮ ದೇಶದಲ್ಲಿ ಚೆನ್ನಾಗಿ ಕಂಡವರು ಕಾರ್ನೇಲಿಯಾ ಸೊರಾಬ್ಜಿಯವರು. 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆ ಕೊಟ್ಟ ಮೊದಲನೆಯ ಸ್ತ್ರೀ ಅವರು. ಪದವಿಯನ್ನು ಮಾತ್ರ ಆ ವಿಶ್ವವಿದ್ಯಾಲಯವು 1922ರಲ್ಲಿ ಕೊಟ್ಟಿತು! 1904ರಿಂದ ಅವರು ಬಂಗಾಳದ ಕೋರ್ಟ್ ಆಫ್ ವಾರ್ಡ್ಸಿನ ಪರವಾಗಿ ಪರದೆಯೊಳಗಿನ ವಿಧವೆಯರ ಬಳಿಗೆ ಹೋಗಿ, ಅವರ ಸ್ವತ್ತಿನ ವಿಷಯವನ್ನು ವಿಚಾರಿಸುತ್ತಿದ್ದರು. ಇಂಥ ಸ್ತ್ರೀಯಿಂದ ಪತ್ರ ಬರೆಯಿಸಿಕೊಂಡವನು, ಅವಳು ಅದರ ಅರ್ಥವನ್ನು ತಿಳಿದೇ ರುಜು ಮಾಡಿದಳೆಂದು ತಾನೇ ರುಜುವಾತು ಪಡಿಸಬೇಕೆಂಬ ನಿಯಮವನ್ನು ನ್ಯಾಯಸ್ಥಾನಗಳು ಸ್ಥಾಪಿಸಿದುವು.

ಇಂದಿನ ಹೆಣ್ಣುಮಕ್ಕಳಿಗೆ ಆ ಪರದೆ ಇಲ್ಲ; ಓದುಬರಹವುಂಟು, ಪದವಿಗಳುಂಟು. ಆದರೂ ತಂದೆಯ ಉತ್ತರಕ್ರಿಯೆಗಳು ಮುಗಿದ ಕೆಲವು ದಿನಗಳಲ್ಲೇ ಹಕ್ಕು ಬಿಡುಗಡೆಯ ಪತ್ರವು ಮುಂದೆ ಬಂದಾಗ, ಎಷ್ಟು ಜನರು ಅದನ್ನು ಮೊದಲಿನಿಂದ ಕೊನೆಯ ವರೆಗೆ ಓದುವರು? ಪಾಲು ಕೇಳಿದರೆ ತೌರು ತಪ್ಪುವುದೆಂಬ ಭಯವು ಅಕ್ಷರ ಬಲ್ಲವಳನ್ನೂ ನಿರಕ್ಷರಿಯನ್ನಾಗಿ ಮಾಡುವುದು. ಅಣ್ಣತಮ್ಮಂದಿರೊಡನೆ ವ್ಯಾಜ್ಯ ಹೂಡಿರೆಂದು ನಾವು ಹೇಳುವುದಿಲ್ಲ. ತನ್ನ ಪಾಲನ್ನು ಪ್ರೀತಿಯಿಂದ ಬಿಟ್ಟುಕೊಡುವುದೂ ಅವಳ ಹಕ್ಕೇ. ಆದರೆ ತನ್ನದೆಂದು ತಿಳಿದು ಕೊಟ್ಟರೆ ಅದು ದಾನ. ತಿಳಿಯದೆ ಕೊಟ್ಟರೆ ಅದು ನಷ್ಟ.

ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಕೆಲವು ಮಾತುಗಳು. ಯಾವ ಪತ್ರವನ್ನಾದರೂ ಪೂರ್ತಿಯಾಗಿ ಓದದೆ ರುಜು ಹಾಕಬೇಡಿರಿ. ಓದಲು ಸಮಯ ಕೇಳಿರಿ. ಸಮಯ ಕೊಡಲಾರದ ಪತ್ರದ ವಿಷಯದಲ್ಲಿ ಇಮ್ಮಡಿ ಎಚ್ಚರವಾಗಿರಿ. ಯಾವ ಸರ್ವೆ ನಂಬರು, ಯಾವ ಮನೆ, ಎಷ್ಟು ಪಾಲು ಎಂಬುದನ್ನು ಕೇಳಿ ತಿಳಿಯಿರಿ. ನಕಲನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ. ಪ್ರತಿಯೊಂದು ಕುಟುಂಬದ ಸಂಗತಿಯೂ ಬೇರೆಬೇರೆಯಾದುದರಿಂದ ಬಲ್ಲವರ ಸಲಹೆ ಪಡೆಯಿರಿ. 1987ರ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ವ್ಯಾಜ್ಯವುಳ್ಳ ಸ್ತ್ರೀಯರಿಗೆ, ಆದಾಯವೆಷ್ಟೇ ಇರಲಿ, ಧರ್ಮಾರ್ಥವಾಗಿ ವಕೀಲರ ಸಹಾಯ ದೊರೆಯುವುದು. ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಕಚೇರಿಯಲ್ಲಿ ವಿಚಾರಿಸಬಹುದು.

ತಂದೆತಾಯಿಗಳಿಗೂ ಒಂದು ಅರಿಕೆ. ಮಗಳ ವಿದ್ಯೆಗೂ ಮದುವೆಗೂ ಖರ್ಚು ಮಾಡಿದೆವು, ಇನ್ನೇನು ಪಾಲು ಎನ್ನುವವರುಂಟು. ಮಗನ ವಿದ್ಯೆಗೂ ಖರ್ಚಾಯಿತಷ್ಟೆ; ಅದನ್ನು ಅವನ ಪಾಲಿನಿಂದ ಯಾರೂ ಕಳೆಯುವುದಿಲ್ಲ. ಮನೆಯ ಕಾಗದಪತ್ರಗಳು ಎಲ್ಲಿವೆ, ಅವುಗಳಲ್ಲಿ ಏನಿದೆ ಎಂಬುದನ್ನು ನೀವು ಬದುಕಿರುವಾಗಲೇ ಮಗನನ್ನೂ ಮಗಳನ್ನೂ ಒಟ್ಟಿಗೆ ಕೂಡಿಸಿ ತಿಳಿಸಿರಿ. ನಿಮ್ಮ ಸ್ವಯಾರ್ಜಿತಕ್ಕೆ ಉಯಿಲು ಬರೆಯುವುದಾದರೆ ಇಬ್ಬರ ಹೆಸರುಗಳನ್ನೂ ಒಮ್ಮೆ ಬಾಯಲ್ಲಿ ಉಚ್ಚರಿಸಿ ಬರೆಯಿರಿ. ನಿಮ್ಮ ಹಿಂದೆ ಅಣ್ಣತಂಗಿಯರ ನಡುವೆ ಪ್ರೀತಿ ಉಳಿಯಬೇಕಾದರೆ ಇದಕ್ಕಿಂತ ಭದ್ರವಾದ ದಾರಿಯಿಲ್ಲ.

ಮಗಳನ್ನು ಪಾಠಶಾಲೆಗೆ ಕಳುಹಿಸುವುದು ಅವಳು ಓದಲೆಂದೇ ಅಲ್ಲವೇ? ಪದ್ಯವನ್ನೂ ಪ್ರಬಂಧವನ್ನೂ ಓದಬಲ್ಲವಳು ತನ್ನ ಹೆಸರಿರುವ ಪತ್ರವನ್ನೂ ಓದಲಿ. ಓದಿದ ಮೇಲೆ ರುಜು ಹಾಕುವುದೋ ಬಿಡುವುದೋ ಅವಳ ಇಷ್ಟ.